ಹಳಿಗೆ ಒಂದೇ ಸಾಲು ಸಾಲದು

ನಮಸ್ಕಾರ,

ಕರೆಂಟಿನ ಬಲದಿಂದ ಗುಂಡು ಹಾರಿಸುವ ಫಿರಂಗಿಯಾದ ರೈಲ್‌ಗನ್ ಬಗ್ಗೆ ನೀವು ಬರೆದ 'ಸದ್ದಿಲ್ಲದ ಬಂದೂಕು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೊದಲ ತಪ್ಪು ಶೀರ್ಷಿಕೆಯಲ್ಲೇ ಇದೆ. ರೈಲ್‌ಗನ್‌ನಲ್ಲಿ ಮದ್ದು ಸಿಡಿಯುವುದಿಲ್ಲ, ನಿಜ. ಆದರೆ ಶಬ್ದಕ್ಕಿಂತ ಆರೇಳು ಪಟ್ಟು ವೇಗದಲ್ಲಿ ಹೊರಟ ಲೋಹದ ತುಂಡು ಸುಮ್ನೆ ಹೋಗುತ್ತದೆಯೇ? ಗಾಳಿ ಸೀಳಿದ ಸದ್ದಿಗೇ ಕಿವಿ ಮುಚ್ಚಿಕೊಳ್ಳಬೇಕು.

ಸಾಮಾನ್ಯ ಬಂದೂಕಿನ ಬಗ್ಗೆ ಬರೆದ ಭಾಗ ಚೆನ್ನಾಗಿದೆ. ಕುದುರೆ ಎಳೆದದ್ದು, ತೋಟಾದ ತಳಕ್ಕೆ ಪಿನ್ ಬಡಿದದ್ದು, ಮದ್ದು ಉರಿದು ಬಿಸಿ ಅನಿಲ ಗುಂಡನ್ನು ನಳಿಕೆಯುದ್ದಕ್ಕೂ ದೂಡಿದ್ದು, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಒಂದು ಮಾತು ಮಾತ್ರ ಬಿಟ್ಟುಹೋಗಿದೆ. ಅನಿಲ ಹಿಗ್ಗುವ ವೇಗಕ್ಕೇ ಒಂದು ಮಿತಿ ಇದೆ. ಗುಂಡು ಓಡಿದಷ್ಟೂ ಹಿಂದಿನ ಒತ್ತಡ ಇಳಿಯುತ್ತದೆ. ಅದಕ್ಕೇ ರೈಫಲ್ ಗುಂಡು ಸೆಕೆಂಡಿಗೆ ಸುಮಾರು 900 ಮೀಟರ್, ಟ್ಯಾಂಕಿನ ಬಾಣದಂಥ ಗುಂಡು 1,700 ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತವೆ. ಇದನ್ನು ಹೇಳದಿದ್ದರೆ ರೈಲ್‌ಗನ್ ಯಾಕೆ ಬೇಕಾಯಿತು ಅಂತಲೇ ತಿಳಿಯುವುದಿಲ್ಲ.

ಮೂರನೇ ಪುಟದಲ್ಲಿ "ಬಲವಾದ ಅಯಸ್ಕಾಂತಗಳು ಗುಂಡನ್ನು ಸೆಳೆಯುತ್ತವೆ" ಎಂದಿದ್ದೀರಿ. ಅದು ಕಾಯಿಲ್‌ಗನ್, ಬೇರೆಯೇ ಯಂತ್ರ. ಇಲ್ಲಿರುವುದು ಎರಡು ಹಳಿ. ಕರೆಂಟ್ ಒಂದರಲ್ಲಿ ಹೋಗಿ, ನಡುವೆ ಅಡ್ಡ ಕೂತ ಆರ್ಮೇಚರ್, ಅಂದರೆ ಗುಂಡನ್ನು ದೂಡುವ ಲೋಹದ ತುಂಡು, ದಾಟಿ, ಇನ್ನೊಂದರಲ್ಲಿ ವಾಪಸ್ ಬರುತ್ತದೆ. ಆ ಕರೆಂಟೇ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಆ ಕ್ಷೇತ್ರ ಆರ್ಮೇಚರನ್ನು ಮುಂದಕ್ಕೆ ತಳ್ಳುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಆರ್ಮೇಚರ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ ಅಲ್ವಾ? ಈ ಪ್ರಶ್ನೆಯಿಂದಲೇ ಆ ಪುಟ ಶುರುಮಾಡಿ.

"ಒದೆತವೂ ಇಲ್ಲ" ಎಂಬ ಸಾಲು ಹೊಡೆದುಹಾಕಿ. ಗುಂಡು ಮುಂದೆ ಹೋದರೆ ಫಿರಂಗಿ ಹಿಂದೆ ಒದೆಯಲೇಬೇಕು.

ನನಗೆ ಜಾಸ್ತಿ ಬೇಜಾರಾದದ್ದು ಬೇರೆ. ಹಳಿಗಳ ಬಗ್ಗೆ ಬರೀ ಒಂದು ಸಾಲು ಬರೆದಿದ್ದೀರಿ. ಕಥೆ ಇರುವುದೇ ಅಲ್ಲಿ! ಹತ್ತು ಲಕ್ಷ ಆಂಪಿಯರ್ ದಾಟುವ ಕರೆಂಟ್ ಎರಡರಲ್ಲೂ ಎದುರುಬದುರು ಹರಿಯುತ್ತದೆ, ಹಾಗಾಗಿ ಹಳಿಗಳು ಒಂದನ್ನೊಂದು ದೂರ ತಳ್ಳುತ್ತವೆ. ಬಿಗಿಯಾಗಿ ಹಿಡಿದಿಡದಿದ್ದರೆ ಫಿರಂಗಿಯೇ ಬಿಚ್ಚಿಕೊಳ್ಳುತ್ತದೆ. ಆರ್ಮೇಚರ್ ಉಜ್ಜಿ ಓಡುವಾಗ ಅದರ ಅಂಚು ಕರಗುತ್ತದೆ, ಕಿಡಿ ಹತ್ತಿ ಹಳಿಯ ಮೈ ತರಚುತ್ತದೆ. ಮದ್ದೇ ಇಲ್ಲದ ಫಿರಂಗಿಯ ಬಾಯಲ್ಲಿ ಬೆಂಕಿ ಕಾಣುವುದು ಇದರಿಂದಲೇ.

ಅಮೆರಿಕದ ನೌಕಾಪಡೆ 2010ರ ಡಿಸೆಂಬರ್‌ನಲ್ಲಿ 33 ಮೆಗಾಜೂಲ್ ಶಕ್ತಿಯ ಗುಂಡು ಹಾರಿಸಿದ್ದನ್ನು ಬರೆದು ಚಪ್ಪಾಳೆ ತಟ್ಟಿ ಮುಗಿಸಿದ್ದೀರಿ. ಮೆಗಾಜೂಲ್ ಅಂದರೆ ಎಷ್ಟು? ಒಂದು ಟನ್ ತೂಕದ ಕಾರು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಬಂದರೆ ಹೆಚ್ಚುಕಮ್ಮಿ ಒಂದು. ಹಾಗೆ ಹೇಳಿ. ಅದೇ ನೌಕಾಪಡೆ 2021ರಲ್ಲಿ ಆ ಯೋಜನೆಯನ್ನು ನಿಲ್ಲಿಸಿತು, ಜಪಾನ್ 2023ರಲ್ಲಿ ಹಡಗಿನ ಮೇಲಿಂದ ಹಾರಿಸಿ ನೋಡಿತು. ಇವೆರಡೂ ಬರಬೇಕು.

'ಯುದ್ಧದ ಭವಿಷ್ಯ' ಎಂಬ ಕೊನೆಯ ಪುಟ ಪೂರ್ತಿ ತೆಗೆಯಿರಿ. ಆ ಜಾಗ ಹಳಿಗಳಿಗೆ ಕೊಟ್ಟು, ತಿದ್ದಿ ಕಳಿಸಿ. ಮತ್ತೆ ಓದುತ್ತೇನೆ.