ಕಿಟಕಿಗಿಂತ ಗೋಡೆಯ ತೆರಪು ದೊಡ್ಡದಾದರೆ ಏನು ಮಾಡಬೇಕು?

ಪ್ರಶ್ನೆ: ಹಳೆ ಮರದ ಕಿಟಕಿ ತೆಗೆಸಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಮಾಡಿಸಿದೆವು. ಹಳೆ ಚೌಕಟ್ಟು ಕಿತ್ತ ಮೇಲೆ ಅಳೆದರೆ ಗೋಡೆಯ ತೆರಪು 127 ಸೆಂ.ಮೀ. ಅಗಲ, 130 ಸೆಂ.ಮೀ. ಎತ್ತರ ಇದೆ. ಹೊಸ ಫ್ರೇಮ್ ಇರುವುದು 116ಕ್ಕೆ 122. ಸಂದಿಗೆಲ್ಲ ಫೋಮ್ (ಉಬ್ಬಿ ಗಟ್ಟಿಯಾಗುವ ನೊರೆ) ಹೊಡೆದು ಮೇಲೆ ಪಟ್ಟಿ ಬಡಿದರೆ ಸಾಕು ಅಂತಾರೆ ಕೂರಿಸುವವರು. ಒಪ್ಪಬಹುದಾ?

ಉತ್ತರ: ದಯವಿಟ್ಟು ಒಪ್ಪಬೇಡಿ. ಫೋಮ್ ಸಂದು ತುಂಬುತ್ತದೆ, ಗಾಳಿ ತಡೆಯುತ್ತದೆ. ಕಿಟಕಿಯನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಸುತ್ತಲೂ ಸುಮಾರು 10 ಮಿ.ಮೀ. ಸಂದು ಇದ್ದರೆ ಅದು ಸರಿಯಾದ ಕೆಲಸ. 20 ಮಿ.ಮೀ. ದಾಟಿದರೆ ನನಗೆ ಸಮಾಧಾನ ಇಲ್ಲ. ನಿಮ್ಮ ಸಂದು ಎರಡೂ ಕಡೆ 55 ಮಿ.ಮೀ. ಅಷ್ಟು ದೂರದಲ್ಲಿ ಫ್ರೇಮನ್ನು ಬರೀ ಉದ್ದ ಸ್ಕ್ರೂಗಳ ಮೇಲೆ ನಿಲ್ಲಿಸಿದರೆ ಗಾಳಿ ಬಡಿದಾಗಲೆಲ್ಲ, ಬಾಗಿಲು ಎಳೆದಾಗಲೆಲ್ಲ ಅದು ಅಲುಗಾಡುತ್ತದೆ. ಆಮೇಲೆ ಚಿಲಕ ಕೂರುವುದಿಲ್ಲ, ಗಾರೆ ಬಿರುಕು ಬಿಡುತ್ತದೆ.

ಇದು ಹೇಗಾಯಿತು ಅಂತ ಊಹಿಸಬಲ್ಲೆ. ಹಳೆ ಚೌಕಟ್ಟು ಇನ್ನೂ ಗೋಡೆಯಲ್ಲಿದ್ದಾಗಲೇ, ಅದರ ಒಳಗಡೆ ಟೇಪ್ ಹಿಡಿದು ಅಳತೆ ತೆಗೆದುಕೊಂಡಿರಬೇಕು. ಮರದ ದಪ್ಪ ಲೆಕ್ಕಕ್ಕೇ ಬಂದಿಲ್ಲ. ಹೊಸ ಅಳತೆಗೆ ಬೇರೆ ಫ್ರೇಮ್ ಮಾಡಿಕೊಡುತ್ತಾರಾ ಅಂತ ಮೊದಲು ಕೇಳಿ. ಕೊಡುವುದಾದರೆ ಅದೇ ಒಳ್ಳೆಯದು. ಇಲ್ಲವಾದರೆ ಗೋಡೆಯನ್ನೇ ಕಿಟಕಿಯ ಹತ್ತಿರಕ್ಕೆ ತರಬೇಕು, ಅದೂ ಗಟ್ಟಿ ಸಾಮಾನಿನಿಂದ.

ಮೊದಲು ಎತ್ತರ ನೋಡೋಣ, ಅದು ಸುಲಭ. ಒಟ್ಟು 80 ಮಿ.ಮೀ. ಜಾಸ್ತಿ ಇದೆ. ಇದನ್ನು ಮೇಲಕ್ಕೂ ಕೆಳಕ್ಕೂ ಹಂಚಬೇಡಿ. ಲಿಂಟಲ್ (ತೆರಪಿನ ಮೇಲಿನ ತೊಲೆ) ಅಡಿಗೆ ಅಂಟಿಸಿದ ಗಾರೆ ನೇತಾಡಿಕೊಂಡೇ ಇರುತ್ತದೆ, ಒಂದಲ್ಲ ಒಂದು ದಿನ ಬಿಡುತ್ತದೆ. ಮೇಲೆ 10 ಮಿ.ಮೀ. ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ಕೆಳಗೆ ತನ್ನಿ. ಅಲ್ಲಿ ಕಾಂಕ್ರೀಟ್ ಹಾಕಿ ಸಿಲ್ (ಕಿಟಕಿಯ ಅಡಿಗಟ್ಟೆ) ಎತ್ತರಿಸಿ. ಫ್ರೇಮ್ ಕೂರುವ ಜಾಗ ರಸಮಟ್ಟಕ್ಕೆ ಸರಿಯಾಗಿರಲಿ, ಅದರ ಹೊರಗಿನ ಭಾಗ ಮಾತ್ರ ಹೊರಕ್ಕೆ ಇಳಿಜಾರಾಗಲಿ. ಸಿಲ್ ಗೋಡೆಯಿಂದ ಸ್ವಲ್ಪ ಮುಂದೆ ಚಾಚಿರಲಿ, ಅಡಿಯಲ್ಲಿ ನೀರು ತೊಟ್ಟಿಕ್ಕಲು ಒಂದು ಸಣ್ಣ ತೋಡು ಕೊರೆಸಿ. ಈ ತೋಡು ಇಲ್ಲದಿದ್ದರೆ ಮಳೆನೀರು ಸಿಲ್ಲಿನ ಅಡಿ ಹಿಡಿದುಕೊಂಡು ಗೋಡೆಗೇ ವಾಪಸ್ ಬರುತ್ತದೆ.

ಅಗಲದ ವಿಷಯ ಸ್ವಲ್ಪ ಯೋಚಿಸಬೇಕು. ಕಿಟಕಿ ನಟ್ಟನಡುವೆ ಇರಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ಹಾಗೆ ಮಾಡಿದರೆ ಎರಡೂ ಪಕ್ಕ ತೆಳ್ಳನೆ ಪಟ್ಟಿ ತುಂಬಬೇಕಾಗುತ್ತದೆ. ಬರೀ ಗಾರೆಯನ್ನು ಅಷ್ಟು ದಪ್ಪ ಮೆತ್ತಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಅದರ ಬದಲು ಒಂದು ಪಕ್ಕ 10 ಮಿ.ಮೀ. ಬಿಟ್ಟು ಉಳಿದ ಜಾಗವನ್ನೆಲ್ಲ ಇನ್ನೊಂದು ಪಕ್ಕಕ್ಕೆ ತಳ್ಳಿ. ಅಲ್ಲೂ 10 ಮಿ.ಮೀ. ಬಿಟ್ಟರೆ ತುಂಬಲು 90 ಮಿ.ಮೀ. ಸಿಗುತ್ತದೆ. ಹಲಗೆ ಕಟ್ಟಿ ಸಣ್ಣ ಜಲ್ಲಿಯ ಕಾಂಕ್ರೀಟ್ ತುಂಬಲು ಇಷ್ಟು ಸಾಕು. ಕಿಟಕಿ ನಡುವಿನಿಂದ ನಾಲ್ಕೂವರೆ ಸೆಂ.ಮೀ. ಸರಿಯುತ್ತದೆ ಅಷ್ಟೇ. ನೇರ ಮೇಲೆ ಅಥವಾ ಕೆಳಗೆ ಇನ್ನೊಂದು ಕಿಟಕಿ ಇಲ್ಲದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೊಸ ಕಾಂಕ್ರೀಟ್ ಹಳೆ ಗೋಡೆಗೆ ಸುಮ್ನೆ ಅಂಟಿಕೊಳ್ಳುವುದಿಲ್ಲ. ಹಳೆ ಗಾರೆ ಪೂರ್ತಿ ಕೆತ್ತಿಸಿ, ಧೂಳು ತೆಗೆದು ಗೋಡೆ ನೆನೆಸಿ. ಪ್ರತಿ 30 ಸೆಂ.ಮೀ.ಗೆ ಒಂದರಂತೆ ರಂಧ್ರ ಕೊರೆದು 8 ಮಿ.ಮೀ. ಸರಳಿನ ತುಂಡುಗಳನ್ನು ಗಟ್ಟಿಯಾಗಿ ಕೂರಿಸಿ, ಆಮೇಲೆ ತುಂಬಿ. ಕನಿಷ್ಠ 7 ದಿನ ನೀರುಣಿಸಿ. ಆತುರಪಟ್ಟು ಮರುದಿನವೇ ಡ್ರಿಲ್ ಹಾಕಿಸಬೇಡಿ, ಅಂಚು ಒಡೆದುಹೋಗುತ್ತದೆ. ಹಳೆಯದೂ ಹೊಸದೂ ಸೇರುವಲ್ಲಿ ಜಾಲರಿ ಬಡಿದು ಪ್ಲಾಸ್ಟರ್ ಮಾಡಿಸಿ.

ಕಿಟಕಿ ನಡುವೆಯೇ ಇರಬೇಕು ಅಂದರೆ ಇನ್ನೊಂದು ದಾರಿ ಇದೆ. ಫ್ರೇಮಿಗೆ ಪಕ್ಕದಿಂದ ಕಚ್ಚಿಸಿ ಅಗಲ ಹೆಚ್ಚಿಸುವ ಪಟ್ಟಿಗಳನ್ನು ಯುಪಿವಿಸಿ ಕಂಪನಿಗಳೇ ಮಾಡುತ್ತವೆ. ನಿಮ್ಮ ಫ್ರೇಮಿಗೆ ಹೊಂದುವುದನ್ನೇ ಕೇಳಿ. ಗೆದ್ದಲು ಹಿಡಿಯದಂತೆ ಔಷಧಿ ಕೊಟ್ಟ ಒಣ ಮರವೂ ಆದೀತು. ಯಾವುದೇ ಆದರೂ ಸ್ಕ್ರೂ ಅದನ್ನು ದಾಟಿ ಗೋಡೆಯೊಳಗೆ ಚೆನ್ನಾಗಿ ಹೋಗಬೇಕು.

ಕೂರಿಸುವಾಗ ಮೂಲೆಯಿಂದ ಸುಮಾರು 150 ಮಿ.ಮೀ. ಬಿಟ್ಟು ಮೊದಲ ಸ್ಕ್ರೂ, ಆಮೇಲೆ 600 ಮಿ.ಮೀ. ಮೀರದಂತೆ ಉಳಿದವು. ಪ್ರತಿ ಸ್ಕ್ರೂ ಪಕ್ಕದಲ್ಲೂ ಪ್ಲಾಸ್ಟಿಕ್ ಪ್ಯಾಕಿಂಗ್ ಇರಲಿ. ಇಲ್ಲದಿದ್ದರೆ ಬಿಗಿ ಮಾಡಿದಾಗ ಫ್ರೇಮ್ ಬಿಲ್ಲಿನ ಹಾಗೆ ಬಾಗುತ್ತದೆ. ಆ 10 ಮಿ.ಮೀ. ಸಂದನ್ನೂ ಗಾರೆಯಿಂದ ಮುಚ್ಚಿಬಿಡಬೇಡಿ. 2 ಮೀಟರ್ ಉದ್ದದ ಯುಪಿವಿಸಿ ಫ್ರೇಮ್ 30 ಡಿಗ್ರಿ ಬಿಸಿ ಏರಿದರೆ ಸುಮಾರು 4 ಮಿ.ಮೀ. ಹಿಗ್ಗುತ್ತದೆ. ಅದಕ್ಕೆ ಜಾಗ ಬೇಕಲ್ವಾ? ಕಡಿಮೆ ಉಬ್ಬುವ ಫೋಮನ್ನು ಅಲ್ಲಿ ಬಳಸಿ.

ಪ್ರಶ್ನೆ: ನಮ್ಮ ತೆರಪು ಸೊಟ್ಟಗಿದೆ. ಎಡಪಕ್ಕದ ಸಂದು ಮೇಲೆ 5 ಮಿ.ಮೀ., ಕೆಳಗೆ 18 ಮಿ.ಮೀ. ಬರುತ್ತದೆ. ಫ್ರೇಮನ್ನು ಗೋಡೆಗೆ ಹೊಂದಿಸಲಾ?

ಉತ್ತರ: ಬೇಡ. ತೂಗುಗುಂಡು, ರಸಮಟ್ಟ ಏನು ಹೇಳುತ್ತವೋ ಹಾಗೆ ಕೂರಿಸಿ. ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಓರೆಯಾಗಿ ಅಳೆದು ನೋಡಿ, ಎರಡೂ ಸಮ ಬಂದರೆ ಫ್ರೇಮ್ ಚೌಕವಾಗಿದೆ. ಸೊಟ್ಟವನ್ನು ಪ್ಲಾಸ್ಟರಿನಲ್ಲಿ ಸರಿಮಾಡಬಹುದು.

ಪ್ರಶ್ನೆ: ನಮ್ಮ ಕಿಟಕಿಯ ಸುತ್ತ ಹೊರಗಡೆ ಫೋಮ್ ಹಾಗೇ ಕಾಣುತ್ತಿದೆ. ಹಳದಿಯಾಗಿ ಪುಡಿಪುಡಿ ಆಗುತ್ತಿದೆ. ಮಳೆ ಬಂದರೆ ಕೆಳಗಿನಿಂದ ನೀರೂ ಒಳಗೆ ಬರುತ್ತದೆ.

ಉತ್ತರ: ಬಿಸಿಲಿಗೆ ಫೋಮ್ ತಡೆಯುವುದಿಲ್ಲ. ನೀರು ತಡೆಯುವ ಕೆಲಸಕ್ಕೂ ಅದನ್ನು ನಂಬಬಾರದು. ಹೊರಗಿನ ಫೋಮನ್ನು ಸ್ವಲ್ಪ ಆಳಕ್ಕೆ ಕತ್ತರಿಸಿ ತೆಗೆದು, ಸ್ಪಂಜಿನಂಥ ಉರುಟು ದಾರ ತುರುಕಿ, ಅದರ ಮೇಲೆ ಸೀಲೆಂಟ್ (ಸಂದು ಮುಚ್ಚುವ ರಬ್ಬರಿನಂಥ ಅಂಟು) ಎಳೆಸಿ. ಸೀಲೆಂಟ್ ಫ್ರೇಮಿಗೂ ಗೋಡೆಗೂ ಮಾತ್ರ ಅಂಟಬೇಕು. ಹಿಂದಕ್ಕೂ ಅಂಟಿಕೊಂಡರೆ ಹಿಗ್ಗಿ ಕುಗ್ಗುವಾಗ ಹರಿಯುತ್ತದೆ. ದಾರ ಹಾಕುವುದು ಅದಕ್ಕೇ. ವಿನೆಗರ್ ವಾಸನೆ ಬರುವ ಸಿಲಿಕೋನ್ ಸಿಮೆಂಟಿಗೆ ಸರಿಹೋಗುವುದಿಲ್ಲ, ಅಂಗಡಿಯಲ್ಲಿ ಆ ವಾಸನೆ ಇಲ್ಲದ ನ್ಯೂಟ್ರಲ್ ಬಗೆಯದನ್ನು ಕೇಳಿ. ಮೇಲೆ ಬಣ್ಣ ಹೊಡೆಯುವುದಿದ್ದರೆ ಪಾಲಿಯುರೆಥೇನ್ ಸೀಲೆಂಟ್ ತಗೊಳ್ಳಿ, ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ.

ಇಷ್ಟು ಮಾಡುವ ಮೊದಲು ಫ್ರೇಮಿನ ಕೆಳಪಟ್ಟಿಯ ಹೊರಗಡೆ ಸಣ್ಣ ತೂತುಗಳಿವೆಯಾ ನೋಡಿ. ಒಳಗೆ ಸೇರಿದ ನೀರು ಹೊರಹೋಗಲು ಅವು ಬೇಕು. ಪ್ಲಾಸ್ಟರ್ ಮಾಡುವಾಗ ಗಾರೆ ಮೆತ್ತಿಕೊಂಡು ಮುಚ್ಚಿರುವುದು ತುಂಬಾ ಸಾಮಾನ್ಯ. ಒಂದು ಲೋಟ ನೀರನ್ನು ಕಿಟಕಿಯ ಟ್ರ್ಯಾಕಿಗೆ ಸುರಿಯಿರಿ. ಹೊರಗೆ ಬರದಿದ್ದರೆ ಮೊದಲು ಆ ತೂತುಗಳನ್ನು ಬಿಡಿಸಿ, ಸೀಲೆಂಟ್ ಕೆಲಸ ಆಮೇಲೆ.