15ರ ತಪ್ಪು, 22ರ ಅರ್ಜಿ

ಬಾಲ್ಯದಲ್ಲಿ ಪೊಲೀಸ್ ಪ್ರಕರಣಕ್ಕೆ ಸಿಲುಕಿದ್ದ ಯುವಕರು ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿಗೆ ಕಂಗಾಲಾಗಿ ಸಲಹೆ ಕೇಳಲು ನನ್ನ ಬಳಿ ಬರುವುದನ್ನು ಮತ್ತೆ ಮತ್ತೆ ಕಾಣುತ್ತಿರುವುದರಿಂದ, ಅಂಥ ಒಬ್ಬನ ಗುರುತು ಮರೆಸಿ ಇದನ್ನು ಬರೆಯುತ್ತಿದ್ದೇನೆ.

ಈ ಯುವಕ 15ನೇ ವಯಸ್ಸಿನಲ್ಲಿ ಗೆಳೆಯನೊಂದಿಗೆ ಬೈಕ್ ಕದ್ದು ಸಿಕ್ಕಿಬಿದ್ದಿದ್ದ. ಮಕ್ಕಳ ಅಪರಾಧ ಪ್ರಕರಣಗಳನ್ನು ವಿಚಾರಿಸುವ ಬಾಲನ್ಯಾಯ ಮಂಡಳಿ ಇಬ್ಬರಿಗೂ ಬುದ್ಧಿ ಹೇಳಿ ಮನೆಗೆ ಕಳುಹಿಸಿತ್ತು. ಗೆಳೆಯ ಈಗ ತಂದೆಯ ವ್ಯಾಪಾರ ನೋಡಿಕೊಳ್ಳುತ್ತಾನೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯ ಮಗನಾದ ಇವನು ಭದ್ರತಾ ಪಡೆಯೊಂದಕ್ಕೆ ಆಯ್ಕೆಯಾಗಿದ್ದ.

ಎರಡನೇ ಭೇಟಿಯಲ್ಲಿ ಅವನು ನೇಮಕಾತಿಯ ದೃಢೀಕರಣ ನಮೂನೆಯನ್ನು ನನ್ನ ಮುಂದಿಟ್ಟ. ಹಿಂದೆ ಮೊಕದ್ದಮೆ ದಾಖಲಾಗಿತ್ತೇ ಎಂದು ಕೇಳುವ ಅಂಕಣದಲ್ಲಿ ಪೆನ್ಸಿಲಿನಿಂದ ‘ಇಲ್ಲ’ ಎಂದು ಬರೆದು, ಅಳಿಸಿ, ಮತ್ತೆ ಬರೆದು ಕಾಗದವೇ ಸವೆದಿತ್ತು. “ಇಲ್ಲ ಅಂತಲೇ ಬರೀಲಿ ಬಿಡಿ ಮೇಡಂ” ಎಂದರು ತಾಯಿ. ಅವನು ಮಾತ್ರ, “ನನ್ನ ಗೆಳೆಯನಿಗೆ ಈ ಪ್ರಶ್ನೆ ಯಾರೂ ಹಾಕೋದೇ ಇಲ್ಲ ಮೇಡಂ. ಸೆಕ್ಯುರಿಟಿ, ಡ್ರೈವರ್, ಯಾವ ಕೆಲಸಕ್ಕೆ ಹೋದ್ರೂ ನಮ್ಮನ್ನೇ ಕೇಳ್ತಾರೆ” ಎಂದ.

ಆ ಮಾತಿಗೆ ನನ್ನಲ್ಲಿ ಸಮಾಧಾನದ ಉತ್ತರವಿರಲಿಲ್ಲ. ತಪ್ಪು ಒಂದೇ, ಆದೇಶವೂ ಒಂದೇ. ಆದರೆ ಸ್ವಂತ ವ್ಯವಹಾರವಿರುವ ಮನೆಯವರು ಪೊಲೀಸ್ ಪರಿಶೀಲನೆಯ ಹೊಸ್ತಿಲನ್ನು ದಾಟಬೇಕಾಗಿಯೇ ಬರುವುದಿಲ್ಲ.

ಕಾನೂನು ಅವನ ಪರವಾಗಿದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಇಂಥ ಪ್ರಕರಣ ಮುಂದೆ ಅನರ್ಹತೆಗೆ ಕಾರಣವಾಗಕೂಡದು, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಗಳನ್ನು ನಾಶಪಡಿಸಬೇಕು. ಮುಗಿದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸಬಾರದೆಂದು 74ನೇ ಸೆಕ್ಷನ್ ಹೇಳುತ್ತದೆ. 16 ದಾಟಿದವರು ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆಂದಾದರೆ ಮಾತ್ರ ಬೇರೆ ನಿಯಮ.

ಆದರೂ ‘ಇಲ್ಲ’ ಎಂದು ಬರೆಯಬೇಡ, ನಡೆದದ್ದನ್ನು ಚುಟುಕಾಗಿ ಬರೆದು, 24ನೇ ಸೆಕ್ಷನ್ ಉಲ್ಲೇಖಿಸಿ, ಮಂಡಳಿಯ ಆದೇಶದ ದೃಢೀಕೃತ ಪ್ರತಿ ಲಗತ್ತಿಸು ಎಂದೆ. ಜೊತೆಗೆ, ದಾಖಲೆ ನಾಶಪಡಿಸುವಂತೆ ಮಂಡಳಿಗೆ ಅರ್ಜಿ ಸಲ್ಲಿಸಲು ಉಚಿತ ಕಾನೂನು ನೆರವು ನೀಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳುಹಿಸಿದೆ. ಕಾನೂನೇ ರಕ್ಷಣೆ ಕೊಟ್ಟಿರುವಾಗ ಹೇಳಿಸುವುದೇಕೆ ಎಂದು ವಕೀಲ ಮಿತ್ರರು ಆಕ್ಷೇಪಿಸಿದರು. ಅವರ ವಾದ ತಪ್ಪಲ್ಲ. ಆದರೆ ಇಂಥ ನೇಮಕಾತಿಗಳಲ್ಲಿ ಹಳೆಯ ತಪ್ಪಿಗಿಂತ ಅದನ್ನು ಮುಚ್ಚಿಟ್ಟದ್ದೇ ವಜಾಕ್ಕೆ ಕಾರಣವಾಗಬಹುದು. ಬಾಲ್ಯದ ಆರೋಪದ ಮೇಲೆ ಉದ್ಯೋಗ ನಿರಾಕರಿಸಲಾಗದು ಎಂದು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ, ನಿಜ. ಆದರೆ ಆ ಮಟ್ಟದವರೆಗೆ ಹೋರಾಡುತ್ತಾ ಸಂಬಳವಿಲ್ಲದೆ ಕಾಯುವ ಶಕ್ತಿ ಈ ಮನೆಗಿಲ್ಲ. ಕೇಳದ ಕಡೆ ತಾನಾಗಿ ಹೇಳಬೇಕಿಲ್ಲವೆಂಬುದನ್ನೂ ಅವನಿಗೆ ತಿಳಿಸಿದ್ದೇನೆ.

ಮಕ್ಕಳ ಪ್ರಕರಣ ಮುಗಿದ ಕೂಡಲೇ ಆದೇಶದ ಪ್ರತಿ ಪಡೆಯಿರಿ, ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆ ನಾಶವಾಯಿತೇ ಎಂದು ವಿಚಾರಿಸಿರಿ ಎಂದು ತಂದೆತಾಯಿಗಳಲ್ಲಿ ಕೇಳಿಕೊಳ್ಳುತ್ತೇನೆ. ಉಳ್ಳವರ ಪರವಾಗಿ ಈ ಕೆಲಸವನ್ನು ಅವರ ವಕೀಲರು ಮಾಡುತ್ತಾರೆ. ಈ ತಾಯಿಗೆ ಹಾಗೊಂದು ಅವಕಾಶವಿದೆ ಎಂದು ಏಳು ವರ್ಷ ಯಾರೂ ಹೇಳಿರಲಿಲ್ಲ.