ಟ್ಯಾಂಕ್ ಓಡಿಸಬಹುದು, ಟ್ರಾಮ್ ಓಡಿಸಬಾರದೇ?

ಪ್ರಶ್ನೆ: ಅಮೆರಿಕ ಹಿಟ್ಲರ್ ವಿರುದ್ಧ ಹೋರಾಡುತ್ತಿದ್ದಾಗಲೇ ಫಿಲಡೆಲ್ಫಿಯಾದಲ್ಲಿ ಬಿಳಿಯ ನೌಕರರು ಮುಷ್ಕರ ಹೂಡಿದ್ದರಂತೆ. ಕಪ್ಪು ಜನರಿಗೆ ಟ್ರಾಮ್ ಓಡಿಸುವ ಕೆಲಸ ಕೊಡಬಾರದು ಅಂತ! ನಿಜವೇ? ಯೂನಿಯನ್ ಏನು ಮಾಡುತ್ತಿತ್ತು?
– ನಿವೃತ್ತ ಬಸ್ ಚಾಲಕ, ದಾವಣಗೆರೆ

ಉತ್ತರ: ನಿಜ ಸರ್. 1944ರ ಆಗಸ್ಟ್ 1ರ ಬೆಳಗಿನ ಜಾವವೇ ಟ್ರಾಮ್, ಬಸ್, ಸುರಂಗ ರೈಲು ನಿಲ್ಲತೊಡಗಿದವು. ಎಂಟು ಜನ ಕಪ್ಪು ನೌಕರರು ಚಾಲಕರ ತರಬೇತಿಗೆ ಸೇರಿದ್ದರು. ಎಂಟೇ ಜನ!

ಅವರೇನು ಹೊಸಬರಲ್ಲ. ನಗರ ಸಾರಿಗೆ ಕಂಪನಿಯಲ್ಲಿ ನೂರಾರು ಕಪ್ಪು ನೌಕರರಿದ್ದರು. ಹಳಿ ರಿಪೇರಿಯಂಥ ಮೈಮುರಿಯುವ ಕೆಲಸಕ್ಕೆ ಅವರು ಬೇಕು, ಚಾಲಕನ ಜಾಗಕ್ಕೆ ಮಾತ್ರ ಬೇಡ. ಯುದ್ಧ ಉದ್ಯಮಗಳಲ್ಲಿ ಬಣ್ಣ ನೋಡಿ ಕೆಲಸ ನಿರಾಕರಿಸಬಾರದೆಂದು ಅಮೆರಿಕ ಅಧ್ಯಕ್ಷ ರೂಸ್ವೆಲ್ಟ್ 1941ರಲ್ಲೇ ಆದೇಶ ಹೊರಡಿಸಿದ್ದರು. ಅದೂ ಸುಮ್ನೆ ಬಂದದ್ದಲ್ಲ. ರೈಲ್ವೆ ಪೋರ್ಟರ್‌ಗಳ ಸಂಘ ಕಟ್ಟಿದ ಎ. ಫಿಲಿಪ್ ರಾಂಡಾಲ್ಫ್, ಲಕ್ಷ ಜನರನ್ನು ವಾಷಿಂಗ್ಟನ್‌ಗೆ ಕರೆತರುತ್ತೇನೆ ಎಂದು ಪಟ್ಟು ಹಿಡಿದಿದ್ದರಿಂದ ಬಂದದ್ದು. ಆದರೂ ಫಿಲಡೆಲ್ಫಿಯಾದಲ್ಲಿ ಅದು ಕಾಗದದಲ್ಲೇ ಉಳಿದಿತ್ತು. ಹಳೆಯ ಪದ್ಧತಿ ಮುಂದುವರಿಯಬೇಕೆಂದು ಯೂನಿಯನ್ ಒಪ್ಪಂದದಲ್ಲೇ ಇದೆಯಲ್ಲ ಎಂದು ಕಂಪನಿ ಕೈತೊಳೆದುಕೊಂಡಿತು. ಕಪ್ಪು ಜನರು ಬೀದಿಗಿಳಿದರು. ‘ನಾವು ಟ್ಯಾಂಕ್ ಓಡಿಸುತ್ತೇವೆ, ಟ್ರಾಮ್ ಯಾಕೆ ಓಡಿಸಬಾರದು?’ ಎಂಬ ಫಲಕ ಹಿಡಿದರು.

ಈಗ ಯೂನಿಯನ್ ವಿಷಯ. ಅಲ್ಲಿದ್ದದ್ದು ಒಂದಲ್ಲ. ಕಪ್ಪು ನೌಕರರ ಬಡ್ತಿ ತಡೆದಿದ್ದ ಹಳೆಯ ಸಂಘ 1944ರ ಮಾರ್ಚ್‌ನಲ್ಲಿ ಚುನಾವಣೆ ಸೋತಿತ್ತು. ಗೆದ್ದ ಟ್ರಾನ್ಸ್‌ಪೋರ್ಟ್ ವರ್ಕರ್ಸ್ ಯೂನಿಯನ್ ಬಡ್ತಿಯ ಪರ ನಿಂತು, ಮುಷ್ಕರ ಬೇಡ ಎಂದಿತು. ಸೋತವರು ಸುಮ್ಮನಿರುತ್ತಾರೆಯೇ? ‘ನಿಮ್ಮ ಸೀನಿಯಾರಿಟಿ ಮಣ್ಣುಪಾಲು’ ಎಂಬ ಭಯ ಬಿಳಿಯ ನೌಕರರಲ್ಲಿ ಹಬ್ಬಿತು. ಸೀನಿಯಾರಿಟಿ ಅಂದರೆ ಚಾಲಕನಿಗೆ ಏನು ಅಂತ ನಿಮಗೆ ಹೇಳಬೇಕಿಲ್ಲ, ಅಲ್ವಾ? ಕಂಪನಿಯೂ ಮುಷ್ಕರ ತಡೆಯಲು ಮನಸ್ಸು ಮಾಡಿದಂತೆ ಕಾಣುವುದಿಲ್ಲ.

ಹಿಂದಿನ ವರ್ಷವಷ್ಟೇ ಡೆಟ್ರಾಯಿಟ್ ನಗರದ ಜನಾಂಗೀಯ ಗಲಭೆಯಲ್ಲಿ 34 ಜನ ಸತ್ತಿದ್ದರು, ಅವರಲ್ಲಿ 25 ಜನ ಕಪ್ಪು ಜನರು. ಅದು ಇಲ್ಲಿ ಮರುಕಳಿಸಬಾರದೆಂದು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಕಾರ್ಯಕರ್ತರು ತಾಳ್ಮೆ ಕಾಯ್ದುಕೊಳ್ಳಿ ಎಂಬ ಕರಪತ್ರಗಳನ್ನು ಕಪ್ಪು ಜನರ ಬಡಾವಣೆಗಳಲ್ಲಿ ಹಂಚಿದರು. ಕೆಲಸ ಕಿತ್ತುಕೊಳ್ಳುವುದು ಒಬ್ಬರು, ತಾಳ್ಮೆಯ ಜವಾಬ್ದಾರಿ ಇನ್ನೊಬ್ಬರಿಗೆ. ನನಗೆ ಇದು ಈಗಲೂ ಕಹಿಯೆನಿಸುತ್ತದೆ.

ನೌಕರರು ತಲುಪಲಾಗದೆ ಯುದ್ಧ ಸಾಮಗ್ರಿ ಕಾರ್ಖಾನೆಗಳು ಸೊರಗಿದವು. ಆಗಸ್ಟ್ 3ರಂದು ರೂಸ್ವೆಲ್ಟ್ ಸಾರಿಗೆಯನ್ನು ಸೇನೆಯ ವಶಕ್ಕೆ ಕೊಟ್ಟರು. ಸುಮಾರು 5,000 ಸೈನಿಕರು ಬಂದರು. ಕೊನೆಗೆ ಗಡುವು ಬಿತ್ತು: ಕೆಲಸಕ್ಕೆ ಬಾರದಿದ್ದರೆ ನೌಕರಿ ಇಲ್ಲ, ಕಡ್ಡಾಯ ಸೇನಾ ಭರ್ತಿಯಿಂದ ಸಿಕ್ಕಿದ್ದ ವಿನಾಯಿತಿಯೂ ಇಲ್ಲ. ಆಗಸ್ಟ್ 7ರ ಸೋಮವಾರ ಹೆಚ್ಚುಕಡಿಮೆ ಎಲ್ಲರೂ ಡ್ಯೂಟಿಗೆ ಹಾಜರು. ಕಪ್ಪು ನೌಕರರ ತರಬೇತಿ ಮತ್ತೆ ಶುರುವಾಯಿತು.